ಸಭೆ ಅತ್ತಿತು, ಅಂಕ ಎಷ್ಟು?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ವಿಭಾಗದ ಮುಖ್ಯಸ್ಥೆ. ಐಚ್ಛಿಕ ಕನ್ನಡದ ಕೊನೆಯ ವರ್ಷದವರಿಗೆ ಈ ಸಲ ಅಸೈನ್‌ಮೆಂಟ್ ಬದಲು ಏಕವ್ಯಕ್ತಿ ಅಭಿನಯ ಇಟ್ಟೆವು. ಒಂದು ವಸ್ತು ಆರಿಸಿಕೊಂಡು, ಅದಕ್ಕೆ ಹೊಂದುವ ಮೂರು ಸಾಹಿತ್ಯಭಾಗಗಳನ್ನು ಜೋಡಿಸಿ, 12 ನಿಮಿಷದೊಳಗೆ ಒಬ್ಬರೇ ಅಭಿನಯಿಸಬೇಕು. ಜೊತೆಗೆ ಒಂದು ಪುಟದ ಟಿಪ್ಪಣಿ ಕೊಡಬೇಕು. ಒಟ್ಟು 50 ಅಂಕ. ಒಬ್ಬ ವಿದ್ಯಾರ್ಥಿನಿ ‘ಅಗಲಿಕೆ’ಯನ್ನು ವಸ್ತುವಾಗಿ ಇಟ್ಟುಕೊಂಡಳು. ರನ್ನನ ಗದಾಯುದ್ಧದಲ್ಲಿ ಕರ್ಣನ ಶವದ ಮುಂದೆ ದುರ್ಯೋಧನ ಆಡುವ ಮಾತು, ಅಕ್ಕಮಹಾದೇವಿಯ ‘ಚಿಲಿಮಿಲಿ ಎಂದು ಓದುವ ಗಿಳಿಗಳಿರಾ’ ವಚನ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ‘ಹುಲಿಯ’ ತುಂಗಾ ಹೊಳೆಯ ಪಾಲಾಗುವ ಭಾಗ, ಈ ಮೂರನ್ನು ಮಾಡಿದಳು. ಸಭೆಯಲ್ಲಿ ಅಳದವರಿಲ್ಲ. ಒಬ್ಬ ಪರೀಕ್ಷಕರು 46 ಕೊಟ್ಟರು. ಕಾರಣ, ‘ಪ್ರೇಕ್ಷಕರ ಮನ ಕಲಕಿದಳು’. ಇನ್ನೊಬ್ಬರು 28 ಕೊಟ್ಟರು. ಕಾರಣ, ‘ಹಳಗನ್ನಡದ ಉಚ್ಚಾರ ಶುದ್ಧವಿಲ್ಲ, ಪದ್ಯವನ್ನು ರಾಗವಾಗಿ ಓದಲಿಲ್ಲ, ಕಲಬುರಗಿ ಕಡೆಯ ಮಾತು ಇಣುಕುತ್ತಿತ್ತು’. ಸರಾಸರಿ ತೆಗೆದು 37 ಹಾಕಿಬಿಡಲೇ? ಅವಳ ಒಪ್ಪಿಗೆ ಪಡೆದು ವಿಡಿಯೊ ಮತ್ತು ಟಿಪ್ಪಣಿ ಕಳಿಸಿದ್ದೇನೆ.

ಉತ್ತರ: ಸರಾಸರಿ ಬೇಡ ಮೇಡಂ. 46ಕ್ಕೂ 28ಕ್ಕೂ ನಡುವೆ 37 ಇರುವುದೇನೋ ನಿಜ, ಆದರೆ ಆ 37ರ ಹಿಂದೆ ಯಾರ ಕಾರಣವೂ ಇಲ್ಲ. ನಾಳೆ ಆ ಹುಡುಗಿ ಬಂದು ‘ನನ್ನ 13 ಅಂಕ ಎಲ್ಲಿ ಹೋಯಿತು?’ ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಒಬ್ಬರು ಸಭೆ ನೋಡಿ ಅಂಕ ಕೊಟ್ಟಿದ್ದಾರೆ, ಇನ್ನೊಬ್ಬರು ನಾಲಿಗೆ ನೋಡಿ ಅಂಕ ಕಳೆದಿದ್ದಾರೆ. ಆಕೆ ಆ ಮೂರು ಪಠ್ಯಗಳನ್ನು ಹೇಗೆ ಓದಿಕೊಂಡಿದ್ದಾಳೆ, ಆ ಓದು ಅವಳ ದನಿಯಲ್ಲಿ, ಮೈಯಲ್ಲಿ ಎಷ್ಟರಮಟ್ಟಿಗೆ ಕಂಡಿತು ಎಂಬುದರ ಬಗ್ಗೆ ಇಬ್ಬರ ಷರಾದಲ್ಲೂ ಒಂದು ಮಾತಿಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಇಂಥ ಪರೀಕ್ಷೆ ಇಡುವುದೇ ಅದನ್ನು ನೋಡಲಿಕ್ಕೆ. ಬರೆದು ತೋರಿಸಬೇಕಾದ ಓದನ್ನು ಇಲ್ಲಿ ಆಡಿ ತೋರಿಸುತ್ತಾರೆ, ಅಷ್ಟೆ.

ಮೊದಲು ಆ ಕಣ್ಣೀರಿನ ವಿಷಯ. ನಾಯಿಯೊಂದು ಒಡೆಯನನ್ನು ಬಿಡಲಾರದೆ ತುಂಬಿದ ಹೊಳೆಯ ಪಾಲಾಗುವ ಭಾಗವನ್ನು ಯಾರು ಓದಿದರೂ ಕೇಳುವವರ ಗಂಟಲು ಕಟ್ಟುತ್ತದೆ. ಆ ಕೆಲಸದಲ್ಲಿ ದೊಡ್ಡ ಪಾಲು ಕುವೆಂಪು ಅವರದು. ಮೇಲಾಗಿ ಸಭೆಯಲ್ಲಿ ಇದ್ದವರು ಅವಳ ಸಹಪಾಠಿಗಳು, ಮೂರು ವರ್ಷ ಒಟ್ಟಿಗೆ ಕೂತವರು, ಬೇರೆಯಾಗುವ ಹೊತ್ತಿನಲ್ಲಿ ಇರುವವರು. ವಸ್ತು ಬೇರೆ ಅಗಲಿಕೆ. ಇಂಥ ಕಡೆ ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಇದೇ ಭಾಗವನ್ನು ಕುರ್ಚಿಯ ಮೇಲೆ ಕೂತು, ಪುಸ್ತಕ ಹಿಡಿದು, ಸ್ಪಷ್ಟವಾಗಿ ಓದಿದ್ದರೆ ಎಷ್ಟು ಸಿಗುತ್ತಿತ್ತು? ಅದನ್ನು ಬದಿಗಿಟ್ಟ ಮೇಲೆ ಉಳಿಯುವುದು ವಿದ್ಯಾರ್ಥಿಯದು, ಅದಕ್ಕೇ ಅಂಕ. ಅವಳು ತಾನೇ ಅತ್ತದ್ದಕ್ಕೂ ಇದೇ ಮಾತು. ಒಳಗಿನ ಭಾವ ತಾನಾಗಿ ಮೈಮೇಲೆ ಕಾಣುವ ಎಂಟು ಸಾತ್ತ್ವಿಕ ಭಾವಗಳನ್ನು ನಾಟ್ಯಶಾಸ್ತ್ರ ಹೇಳುತ್ತದೆ, ಅವುಗಳಲ್ಲಿ ಅಶ್ರು ಒಂದು. ಸ್ತಂಭ (ಮೈ ಮರಗಟ್ಟುವುದು), ವೇಪಥು (ನಡುಕ), ಸ್ವರಭೇದ (ದನಿ ಒಡೆಯುವುದು) ಇವೂ ಅಲ್ಲೇ ಇವೆ. ಮೈ ಒಂದು ಕ್ಷಣ ಕಲ್ಲಾಗುವುದು ಅಥವಾ ದನಿ ಒಡೆಯುವುದು ಕಣ್ಣೀರಿಗಿಂತ ಕಡಿಮೆಯ ಅಭಿನಯವಲ್ಲ. ಕಣ್ಣೀರು ಮಾತನ್ನೇ ನುಂಗಿದರೆ, ಪಠ್ಯ ಕೇಳಿಸದಿದ್ದಷ್ಟು ಹೊತ್ತು ವಾಚಿಕದಲ್ಲಿ, ಅಂದರೆ ಮಾತಿನ ಅಭಿನಯದಲ್ಲಿ, ಅಂಕ ಕಳೆಯಲೇಬೇಕಾಗುತ್ತದೆ.

ಈಗ ಅವಳ ಟಿಪ್ಪಣಿಗೆ ಬರುತ್ತೇನೆ. ನಿಮ್ಮ ಇಬ್ಬರೂ ಪರೀಕ್ಷಕರು ಅದನ್ನು ಓದದೆ ಬದಿಗಿಟ್ಟಂತೆ ಕಾಣುತ್ತದೆ. ಅದರಲ್ಲಿ ಅವಳು ಬರೆದಿದ್ದಾಳೆ: ‘ಮೂರರಲ್ಲೂ ಮಾತಾಡುವವರಿಗೆ ಮರುಮಾತು ಸಿಗುವುದಿಲ್ಲ. ಅದಕ್ಕೇ ಈ ಮೂರನ್ನು ಆರಿಸಿದೆ.’ ಈ ಒಂದು ಸಾಲು ನನಗೆ ತುಂಬ ಹಿಡಿಸಿತು. ‘ಅಗಲಿಕೆ’ ಎಂಬುದು ಬರೀ ತಲೆಬರಹ. ಅದರಡಿ ನಮ್ಮ ಸಾಹಿತ್ಯದಿಂದ ನೂರು ಭಾಗ ತಂದು ಜೋಡಿಸಬಹುದು. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವುದರಿಂದ ಹಿಡಿದು ಏನು ಬೇಕಾದರೂ ಅಲ್ಲಿ ಕೂರುತ್ತದೆ. ಅಷ್ಟು ಮಾಡಿದವರಿಗೆ ಆಯ್ಕೆಯ ಅಂಕ ಅರ್ಧಕ್ಕಿಂತ ಮೇಲೆ ಹೋಗಬಾರದು. ಈ ಹುಡುಗಿ ತಲೆಬರಹದ ಒಳಗೆ ಒಂದು ಎಳೆ ಹುಡುಕಿದ್ದಾಳೆ: ದುರ್ಯೋಧನನಿಗೆ ಹೆಣ ಉತ್ತರ ಕೊಡದು, ಅಕ್ಕನಿಗೆ ಹಕ್ಕಿಗಳು ಉತ್ತರ ಕೊಡವು, ಹುಲಿಯನಿಗೆ ಪ್ರೀತಿ ಇದೆ, ಮಾತಿಲ್ಲ. ರಂಗದ ಮೇಲೆ ಒಬ್ಬಳೇ ನಿಂತವಳಿಗೆ ಇದಕ್ಕಿಂತ ಹೊಂದುವ ಎಳೆ ಯಾವುದು? ಎದುರು ಪಾತ್ರಧಾರಿ ಇಲ್ಲ ಎಂಬ ಕೊರತೆಯನ್ನೇ ಅವಳು ವಸ್ತುವಾಗಿಸಿಕೊಂಡಳು. ಬೇರೆ ಬೇರೆ ಕಾಲದ, ಬೇರೆ ಬೇರೆ ಪ್ರಕಾರದ ಬರಹಗಳು ಒಂದರ ಪಕ್ಕ ಒಂದು ನಿಂತಾಗ, ಒಂದೊಂದನ್ನೇ ಓದುವಾಗ ಕಾಣದ್ದು ಕಾಣಬೇಕು. ಇಲ್ಲಿ ಕಂಡಿತು.

ಭಾಗಗಳನ್ನು ಎತ್ತಿ ಜೋಡಿಸುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವೇ ಅಲ್ಲ ಎಂದು ನಿಮ್ಮ ವಿಭಾಗದಲ್ಲಿ ಯಾರಾದರೂ ಗೊಣಗಿದರೆ ಬಿ.ಎಂ.ಶ್ರೀ. ಅವರ ಹೆಸರು ಹೇಳಿ. ಇದೇ ರನ್ನನ ಕಾವ್ಯದಿಂದ ಅವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಕಟ್ಟಿದರು. ಯಾವ ಪದ್ಯ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ವಿಮರ್ಶೆಯೇ.

ಹಾಗಾಗಿ ಆಯ್ಕೆಯನ್ನು ನೋಡುವಾಗ ಕೈಯಲ್ಲಿ ಮೂಲ ಇರಲಿ, ಕತ್ತರಿ ಎಲ್ಲೆಲ್ಲಿ ಆಡಿದೆ ನೋಡಿ. ಸಾಲು ಬಿಡುವ ಹಕ್ಕು ವಿದ್ಯಾರ್ಥಿಗೆ ಇದೆ, ಮಾತು ಬದಲಿಸುವ ಹಕ್ಕಿಲ್ಲ. ಬಿಟ್ಟ ಸಾಲಿನಿಂದ ಏನು ಬದಲಾಯಿತು ಎಂಬ ಅರಿವು ಅವರಿಗೆ ಇರಬೇಕು. ರನ್ನನಲ್ಲಿ ಇದೇ ಸಂದರ್ಭದಲ್ಲಿ ದುರ್ಯೋಧನ ಇನ್ನೊಂದು ಮಾತು ಆಡುತ್ತಾನೆ: ನೀನು ಯಾರ ಮಗ ಎಂದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ಬೇರಾರಿಗೂ ಗೊತ್ತಿಲ್ಲ. ನಿಮ್ಮ ವಿದ್ಯಾರ್ಥಿನಿ ಅದನ್ನು ಬಿಟ್ಟಿದ್ದಾಳೆ. ಬಿಟ್ಟರೆ ಅದು ಗೆಳೆಯನನ್ನು ಕಳೆದುಕೊಂಡವನ ಶೋಕ. ಇಟ್ಟುಕೊಂಡರೆ, ಅವನು ಪಾಂಡವರ ಅಣ್ಣನೆಂದು ತಿಳಿದೂ ಅವರ ಮೇಲೆಯೇ ಕಾಳಗಕ್ಕೆ ಬಿಟ್ಟವನ ಶೋಕ. ಎರಡೂ ಆಡಬಹುದಾದ ಶೋಕಗಳೇ. ಆದರೆ ತಿಳಿದು ಬಿಟ್ಟಳೋ, ಸಮಯ ಸಾಲದೆ ಬಿಟ್ಟಳೋ ಎಂದು ಕೇಳಲೇಬೇಕು. ಮೌಖಿಕ ಪರೀಕ್ಷೆ ಇಟ್ಟಿದ್ದರೆ ನನ್ನ ಮೊದಲ ಪ್ರಶ್ನೆ ಇದೇ ಆಗಿರುತ್ತಿತ್ತು.

ವಾಚಿಕದಲ್ಲಿ ಏನನ್ನು ನೋಡಬೇಕು ಎಂಬುದಕ್ಕೆ ಅವಳು ಆಡಿದ ಒಂದು ಕಂದಪದ್ಯವನ್ನೇ (ಕಂದ ಎಂದರೆ ಹಳಗನ್ನಡದ ನಾಲ್ಕು ಸಾಲಿನ ಪದ್ಯ) ಹತ್ತಿರದಿಂದ ನೋಡೋಣ.

ಆನುಂ ದುಶ್ಶಾಸನನುಂ
ನೀನುಂ ಮೂವರೆ ದಲಾತನುಂ ಕಳಿದ ಬಳಿ-
ಕ್ಕಾನುಂ ನೀನೆ ದಲೀಗಳ್
ನೀನುಮಗಲ್ದೆತ್ತವೋದೆಯಂಗಾಧಿಪತೀ

ನಾನು, ದುಶ್ಶಾಸನ, ನೀನು, ಮೂವರೇ ಇದ್ದದ್ದು. ಅವನು ಹೋದ ಮೇಲೆ ನಾನು, ನೀನು. ಈಗ ನೀನೂ ಬಿಟ್ಟು ಎತ್ತ ಹೋದೆ, ಅಂಗರಾಜ ಕರ್ಣ? ಪದ್ಯ ಮೂರರಿಂದ ಎರಡಕ್ಕೆ ಇಳಿಯುತ್ತದೆ. ಒಂದಕ್ಕೆ ಇಳಿಯುವಾಗ ಕವಿ ಲೆಕ್ಕವನ್ನು ನಿಲ್ಲಿಸುತ್ತಾನೆ. ‘ಈಗ ನಾನೊಬ್ಬನೇ’ ಎಂಬ ಮಾತು ಪದ್ಯದಲ್ಲಿ ಇಲ್ಲ. ಅದನ್ನು ಪ್ರೇಕ್ಷಕರ ಮನಸ್ಸಿನಲ್ಲಿ ಹುಟ್ಟಿಸಬೇಕಾದವರು ಅಭಿನಯಿಸುವವರು. ಈ ಪದ್ಯ ಆಡುವ ವಿದ್ಯಾರ್ಥಿ ಈ ಇಳಿತವನ್ನು ಗುರುತಿಸಿದ್ದಾನೋ ಇಲ್ಲವೋ ಎಂಬುದು ಮೊದಲ ಎರಡು ಸಾಲು ಮುಗಿಯುವುದರೊಳಗೆ ಗೊತ್ತಾಗುತ್ತದೆ.

ಇವಳು ಗುರುತಿಸಿದ್ದಾಳೆ. ವಿಡಿಯೊದಲ್ಲಿ ಮತ್ತೆ ನೋಡಿ: ‘ಮೂವರೆ’ ಎನ್ನುವಾಗ ಎಡಕ್ಕೆ, ಬಲಕ್ಕೆ ಒಂದೊಂದು ನೋಟ, ಅಕ್ಕಪಕ್ಕ ಇಬ್ಬರು ಕೂತಿರುವ ಹಾಗೆ. ‘ಆತನುಂ ಕಳಿದ’ ಎಂದ ಮೇಲೆ ಅವಳು ಎಡಕ್ಕೆ ಮತ್ತೆ ತಿರುಗಲೇ ಇಲ್ಲ. ‘ನೀನುಮಗಲ್ದು’ ಎನ್ನುವಾಗ ಬಲಗಡೆಯ ನೋಟ ಮೆಲ್ಲಗೆ ನೆಲಕ್ಕೆ ಬಿತ್ತು. ಕೈ ಎತ್ತಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನನ್ನ ಲೆಕ್ಕದಲ್ಲಿ ಇಡೀ 12 ನಿಮಿಷದಲ್ಲಿ ಅತ್ಯುತ್ತಮ ಘಳಿಗೆ ಅದು, ಸಭೆ ಅತ್ತದ್ದು ಅಲ್ಲಲ್ಲದಿದ್ದರೂ.

ಅದೇ ಪದ್ಯದಲ್ಲಿ ಎರಡು ಕಡೆ ಎಡವಿದ್ದಾಳೆ. ಅಚ್ಚಿನಲ್ಲಿ ಎರಡನೆಯ ಸಾಲು ‘ಬಳಿ’ ಎಂದು ಮುಗಿಯುತ್ತದೆ, ಮೂರನೆಯದು ‘ಕ್ಕಾನುಂ’ ಎಂದು ಶುರುವಾಗುತ್ತದೆ. ಅವಳು ಸಾಲಿನ ಕೊನೆಗೆ ಉಸಿರು ತೆಗೆದುಕೊಂಡಳು. ಅಲ್ಲಿ ‘ಬಳಿಕ್ಕೆ’ ಎಂಬ ಪದ ನಡುಮುರಿಯಿತು, ಅರ್ಥವೂ ಮುರಿಯಿತು. ಕಂದದ ಸಾಲು ಮುಗಿಯುವ ಜಾಗವೂ ಮಾತಿನ ಉಸಿರು ಮುಗಿಯುವ ಜಾಗವೂ ಬೇರೆ ಬೇರೆ. ಪದ್ಯವನ್ನು ಬಿಡಿಸಿಕೊಂಡು ಓದಿದವರಿಗೆ ಇದು ತಪ್ಪುವುದಿಲ್ಲ. ಎರಡನೆಯದು ಕೊನೆಯ ‘ಅಂಗಾಧಿಪತೀ’. ಅವಳು ಅದನ್ನು ಕಂಪನಿ ನಾಟಕದ ರಾಜನ ಹಾಗೆ ಕೂಗಿದಳು. ಅಷ್ಟು ಹೊತ್ತು ತಗ್ಗಿ ಬಂದ ದನಿ ಏಕೆ ಎದ್ದಿತು? ಕಾರಣ ಇದ್ದರೆ ಸರಿ. ಹೆಣದ ಕಿವಿಗೆ ಕೇಳಿಸಲೆಂದು ಕೂಗಿದ್ದರೆ ಅವಳ ಎಳೆಗೆ ಅದು ಹೊಂದುತ್ತದೆ ಕೂಡ. ಆದರೆ ಕೂಗಿದ ಮೇಲೆ ಅವಳು ಉತ್ತರಕ್ಕೆ ಕಾಯಲಿಲ್ಲ, ಪ್ರೇಕ್ಷಕರ ಕಡೆ ನೋಡಿದಳು. ಹಾಗಾಗಿ ಅದು ರೂಢಿಯ ಕೂಗು ಎಂದೇ ನನಗೆ ಅನ್ನಿಸಿತು. ಇನ್ನೊಂದು ಸಣ್ಣ ಸಂಗತಿ: ರನ್ನನ ದುರ್ಯೋಧನ ಆ ರಣರಂಗದಲ್ಲಿ ಒಂಟಿಯಲ್ಲ, ಸಂಜಯ ಜೊತೆಗೇ ಇದ್ದಾನೆ. ಇನ್ನೊಬ್ಬನ ಕಣ್ಣೆದುರಿಗೆ ಅಳುವ ಚಕ್ರವರ್ತಿ ಅವನು. ಸಂಜಯನಿಗೆ ಒಂದು ಜಾಗ ಗೊತ್ತುಮಾಡಿಕೊಂಡಿದ್ದರೆ ಆ ಶೋಕಕ್ಕೆ ಇನ್ನೊಂದು ಬಿಗಿ ಬರುತ್ತಿತ್ತು.

ಎರಡನೆಯ ಪರೀಕ್ಷಕರು ‘ರಾಗವಾಗಿ ಓದಲಿಲ್ಲ’ ಎಂದಿದ್ದಾರೆ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ ನಮ್ಮ ದೊಡ್ಡ ಕಲೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಅದನ್ನು ಕೇಳಿ ಬೆಳೆದವರಿಗೆ ಹಳೆಯ ಕಾವ್ಯ ಎಂದರೆ ರಾಗವಾಗಿಯೇ ಕಿವಿಗೆ ಬೀಳಬೇಕು ಅನ್ನಿಸುವುದು ಸಹಜ. ಆದರೆ ಗಮಕಿ ಪದ್ಯವನ್ನು ವಾಚಿಸುತ್ತಾನೆ, ಪಾತ್ರವಾಗಿ ನಿಲ್ಲುವುದಿಲ್ಲ. ಅರ್ಥ ಬಿಡಿಸಲು ಪಕ್ಕದಲ್ಲಿ ವ್ಯಾಖ್ಯಾನಕಾರ ಇರುತ್ತಾನೆ. ನೀವು ಕೇಳಿದ್ದು ಅಭಿನಯ. ಛಂದಸ್ಸಿನ ನಡೆ ಕೇಳಿಸಬೇಕು, ಪ್ರಾಸ ಕಿವಿಗೆ ತಾಕಬೇಕು, ಅಷ್ಟು ಕೇಳುವುದು ನ್ಯಾಯ. ರಾಗ ಕಡ್ಡಾಯ ಎಂದು ನಿಮ್ಮ ಸೂಚನೆಯಲ್ಲಿ ಇರಲಿಲ್ಲ. ಮೊದಲು ಹೇಳದೆ ಇದ್ದದ್ದಕ್ಕೆ ಆಮೇಲೆ ಅಂಕ ಕಳೆಯುವಂತಿಲ್ಲ.

ಕಲಬುರಗಿ ಮಾತಿನ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹುಟ್ಟಿದೂರಿನ ಏರಿಳಿತ ದನಿಯಲ್ಲಿ ಇರುವುದಕ್ಕೆ ಒಂದು ಅಂಕವನ್ನೂ ಕಳೆಯಬಾರದು. ರನ್ನನೇ ಬೆಳುಗಲಿ ನಾಡಿನ ಮುದುವೊಳಲಿನವನು, ಈಗಿನ ಮುಧೋಳ, ಬಾಗಲಕೋಟೆ ಜಿಲ್ಲೆ. ಅವನ ಪದ್ಯಕ್ಕೆ ಮೈಸೂರಿನ ದನಿಯೇ ಅಳತೆ ಎಂದು ಯಾರು ಗೊತ್ತುಮಾಡಿದರು? ಅಸ್ಪಷ್ಟತೆ ಬೇರೆ ವಿಷಯ. ‘ಅಂಗಾಧಿಪತಿ’ಯ ಮಹಾಪ್ರಾಣ ಬಿದ್ದುಹೋಗಿ ‘ಅಂಗಾದಿಪತಿ’ ಆದರೆ ಅದನ್ನು ಬರೆದುಕೊಳ್ಳಿ, ಏಕೆಂದರೆ ಚಂಪೂಕಾವ್ಯದ (ಗದ್ಯ ಪದ್ಯ ಬೆರೆತ ಕಾವ್ಯ) ರಾಜನ ಬಾಯಲ್ಲಿ ಆ ಅಕ್ಷರ ಪಠ್ಯದ ಭಾಗ. ಆದರೆ ಒಂದೇ ಸಲ, ವಾಚಿಕದ ಕೆಳಗೆ ಮಾತ್ರ. 28 ಕೊಟ್ಟ ಪರೀಕ್ಷಕರ ಪಟ್ಟಿಯಲ್ಲಿ ಒಂದೇ ಉಚ್ಚಾರದೋಷ ‘ಪಠ್ಯಜ್ಞಾನ’, ‘ವಾಚಿಕ’, ‘ಒಟ್ಟು ಪರಿಣಾಮ’ ಮೂರು ಕಡೆಯೂ ಅಂಕ ತಿಂದಿದೆ. ಒಂದು ತಪ್ಪಿಗೆ ಮೂರು ದಂಡ ಬಿದ್ದಿದೆ. ಇಬ್ಬರ ನಡುವಿನ 18 ಅಂಕದ ಅಂತರದಲ್ಲಿ ದೊಡ್ಡ ಪಾಲು ಹುಟ್ಟಿದ್ದು ಇಲ್ಲೇ ಎಂದು ನನ್ನ ಎಣಿಕೆ.

ವಚನದ ಭಾಗ ನನಗೆ ಸಪ್ಪೆ ಅನ್ನಿಸಿತು. ಅಕ್ಕ ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲು ಐದನ್ನೂ ಕರೆದು ‘ನೀವು ಕಾಣಿರೆ’ ಎಂದು ಕೇಳುತ್ತಾಳೆ. ಒಂದೊಂದೂ ಒಂದೊಂದು ಎಡೆಯಲ್ಲಿದೆ: ತುಂಬಿ ಎರಗಿ ಬರುವಷ್ಟು ಹತ್ತಿರ, ಹಂಸೆ ಕೊಳದ ತಡಿಯಲ್ಲಿ, ನವಿಲು ಗಿರಿಗಹ್ವರದಲ್ಲಿ. ಹುಡುಕುವವಳ ಕಣ್ಣು ಎಲ್ಲೆಲ್ಲಿ ಅಲೆಯಬೇಕು ಎಂಬುದನ್ನು ವಚನವೇ ಹೇಳಿಕೊಡುತ್ತದೆ. ಕಣ್ಣು ಅಲ್ಲಿಗೆ ಹೋದರೆ ಸಾಕು, ಪ್ರೇಕ್ಷಕರಿಗೆ ಹಕ್ಕಿ ಕಾಣುತ್ತದೆ. ಇವಳು ಅದರ ಬದಲು ತಾನೇ ಹಕ್ಕಿಯಾದಳು. ಕೋಗಿಲೆಗೆ ಕೊರಳು ಚಾಚಿದಳು, ಹಂಸೆಗೆ ಕೈ ಬಳುಕಿಸಿದಳು, ನವಿಲಿಗೆ ಬೆರಳು ಹರಡಿದಳು. ಕೇಳುವವಳು ಮಾಯವಾಗಿ ಕೇಳಿಸಿಕೊಳ್ಳುವವರು ಬಂದು ನಿಂತರು. ಅವಳ ಟಿಪ್ಪಣಿಯ ಎಳೆಗೇ ಇದು ವಿರುದ್ಧ: ಉತ್ತರ ಕೊಡದವರನ್ನು ರಂಗದ ಮೇಲೆ ತಂದುಬಿಟ್ಟರೆ ಆ ಮೌನಕ್ಕೆ ಜಾಗವೆಲ್ಲಿ? ‘ಕಾಣಿರೆ’ ಪ್ರತಿ ಸಲವೂ ಒಂದೇ ಮಟ್ಟದಲ್ಲಿ ಬಂತು. ನಾಲ್ಕು ಜೀವಗಳನ್ನು ಕೇಳಿ ನಾಲ್ಕು ಸಲ ನಿರಾಶಳಾದವಳ ಐದನೆಯ ಪ್ರಶ್ನೆ ಮೊದಲನೆಯದರ ಹಾಗೆ ಇರಲಾರದು. ಒಂದು ಒಳ್ಳೆಯ ತೀರ್ಮಾನವನ್ನೂ ಹೇಳಬೇಕು. ಈ ವಚನವನ್ನು ಹಾಡಾಗಿ ಕೇಳದ ಕನ್ನಡಿಗರು ಕಡಿಮೆ, ಆದರೂ ಅವಳು ಯಾವ ಧಾಟಿಗೂ ಬೀಳದೆ ಮಾತಾಗಿಯೇ ಆಡಿದಳು. ಕೇಳಿದ ಧಾಟಿಯನ್ನೇ ಹಾಡಿದ್ದರೆ ಅದು ರಾಗ ಕೂಡಿಸಿದವರ ಓದಾಗುತ್ತಿತ್ತು.

ಕಾದಂಬರಿಯ ಭಾಗದಲ್ಲಿ ಪರೀಕ್ಷಕರು ನೋಡಬೇಕಾದ್ದು ಕಥನಕಾರನನ್ನು. 1967ರಲ್ಲಿ ಬಂದ ಆ ಕಾದಂಬರಿ ನಾಟಕವಲ್ಲ. ಅಲ್ಲಿ ಹೊಳೆ, ಮಳೆ, ನಾಯಿ, ಜನ ಎಲ್ಲರನ್ನೂ ಕಾಣುವ ಒಂದು ಕಣ್ಣು ಇದೆ. ಏಕವ್ಯಕ್ತಿ ಪ್ರಯೋಗದಲ್ಲಿ ಬಹಳ ವಿದ್ಯಾರ್ಥಿಗಳು ನಿರೂಪಣೆಯ ಮಾತುಗಳನ್ನು ಬೇಗ ಬೇಗ ಮುಗಿಸಿ ಸಂಭಾಷಣೆಗೆ ಓಡುತ್ತಾರೆ, ಅಭಿನಯ ಇರುವುದು ಅಲ್ಲಿ ಮಾತ್ರ ಎಂಬಂತೆ. ಒಳ್ಳೆಯ ಹರಿಕಥೆ ದಾಸರನ್ನು ನೆನಪಿಸಿಕೊಳ್ಳಿ. ಭುಜ ಒಂದಿಷ್ಟು ತಿರುಗಿದರೆ ಪಾತ್ರ, ಮತ್ತೆ ನೇರವಾದರೆ ಕಥೆ ಹೇಳುವವರು. ಎರಡರ ನಡುವೆ ಎಂದೂ ಗೊಂದಲವಿಲ್ಲ. ಕೇರಳದ ಸಂಸ್ಕೃತ ರಂಗಕಲೆ ಕೂಡಿಯಾಟ್ಟಂನಲ್ಲಿ ಒಬ್ಬರೇ ಪಾತ್ರದಿಂದ ಪಾತ್ರಕ್ಕೆ ಹಾದುಹೋಗುವ ಈ ಕಲೆಗೆ ಪಕರ್ನಾಟ್ಟಂ ಎಂಬ ಹೆಸರೇ ಇದೆ. ನಿಮ್ಮ ವಿದ್ಯಾರ್ಥಿನಿ ನಿರೂಪಣೆಯನ್ನು ತುಂಬ ಚೆನ್ನಾಗಿ ಹಿಡಿದಿದ್ದಾಳೆ, ಅವಸರವಿಲ್ಲ, ಹೊಳೆಯ ಅಗಲ ಅವಳ ಕಣ್ಣಿನಲ್ಲಿ ಕಾಣುತ್ತದೆ. ನಾಯಿಯಾಗಿ ಕೈಕಾಲು ಬಡಿದು ಕುಂಯ್‌ಗುಟ್ಟಿದ್ದು ಬೇಡವಿತ್ತು. ಗುತ್ತಿಯ ಮಾತನ್ನು ಅವಳು ಆಡಿದ ರೀತಿ ಮಾತ್ರ ನನಗೆ ಗೌರವ ತರಿಸಿತು. ಹೊಲೆಯರ ಗುತ್ತಿಯ ಮಲೆನಾಡಿನ ನುಡಿಯನ್ನು ನಗೆ ತರಿಸಲೆಂದು ಎಳೆದಾಡುವವರನ್ನು ಕಾಲೇಜು ರಂಗದಲ್ಲಿ ಬೇಕಾದಷ್ಟು ನೋಡುತ್ತೇವೆ. ಹಾಗೆ ಮಾಡಿದವರಿಗೆ ನಾನು ಪಠ್ಯದ ಓದಿನಲ್ಲೇ ಅಂಕ ಕಳೆಯುತ್ತೇನೆ, ಸಭೆ ಎಷ್ಟೇ ನಕ್ಕಿರಲಿ. ಇವಳು ಅವನನ್ನು ದೊಡ್ಡ ಮನುಷ್ಯನಾಗಿಯೇ ನಿಲ್ಲಿಸಿದಳು.

ಈಗ ಕೂಡುಗಳು. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಆ ಕೆಲವೇ ಸೆಕೆಂಡುಗಳನ್ನು ಪರೀಕ್ಷಕರು ಸಾಮಾನ್ಯವಾಗಿ ಹಿಂದಿನ ಭಾಗದ ಅಂಕ ಬರೆಯುತ್ತ ಕಳೆಯುತ್ತಾರೆ. ದಯವಿಟ್ಟು ಆಗ ಪೆನ್ನು ಕೆಳಗಿಡಿ. ಮೂರು ಭಾಗಗಳು ಒಂದು ಪ್ರಯೋಗವಾಗಿವೆಯೋ, ಮೂರು ಸ್ಪರ್ಧೆಯ ಐಟಂಗಳಾಗಿ ಉಳಿದಿವೆಯೋ ಎಂಬುದು ಅಲ್ಲೇ ಗೊತ್ತಾಗುವುದು. ‘ಮುಂದಿನ ಭಾಗ ಅಕ್ಕಮಹಾದೇವಿಯ ವಚನ’ ಎಂದು ಘೋಷಿಸುವುದು, ದೀಪ ಆರಿಸಿ ಶಾಲು ಬದಲಿಸುವುದು ತಪ್ಪಲ್ಲ, ಆದರೆ ಅದಕ್ಕೆ ಇಲ್ಲಿ ಅಂಕವೂ ಇಲ್ಲ. ಇವಳ ಮೊದಲ ಕೂಡಿನಲ್ಲಿ ನೆಲ ನೋಡುತ್ತಿದ್ದ ದುರ್ಯೋಧನನ ಕಣ್ಣು ಮೆಲ್ಲಗೆ ಮೇಲೆದ್ದು ಎಲ್ಲೋ ಒಂದು ಕೊಂಬೆಗೆ ಹೋಗಿ ನಿಂತಿತು; ಬೆನ್ನು ಸಡಿಲವಾಯಿತು, ರಾಜನ ಭುಜ ಇಳಿಯಿತು; ಆಮೇಲೆ ‘ಚಿಲಿಮಿಲಿ’. ಎರಡನೆಯದರಲ್ಲಿ ‘ಚೆನ್ನಮಲ್ಲಿಕಾರ್ಜುನನೆಲ್ಲಿದ್ದಹನೆಂದು ಹೇಳಿರೆ’ ಎಂದು ಕೇಳಿ ಕಾದಳು. ಕಾಯುತ್ತ ಕಾಯುತ್ತ ಕೂತಳು. ಕೂತ ಜಾಗ ಸಣ್ಣಗೆ ತೂಗತೊಡಗಿತು, ದೋಣಿಯಾಯಿತು. ಇಂಥದ್ದನ್ನು ಯಾರೋ ಹೇಳಿಕೊಟ್ಟಿರಬಹುದು ಎಂಬ ಅನುಮಾನ ಬಂದರೆ ಮೌಖಿಕದಲ್ಲಿ ಕೇಳಿ ತಿಳಿದುಕೊಳ್ಳಿ. ಅನುಮಾನಕ್ಕೆ ಅಂಕ ಕಳೆಯಬೇಡಿ.

ವೇಷ, ಬೆಳಕು, ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ಅಂಕ ಇಡಬೇಡಿ. ದುಡ್ಡಿದ್ದವರು ಬಾಡಿಗೆಗೆ ತರುತ್ತಾರೆ. ತಾಳಮದ್ದಳೆಯ ಅರ್ಥಧಾರಿ ಬಿಳಿ ಪಂಚೆಯಲ್ಲಿ ಕೂತಲ್ಲೇ ಕೌರವನನ್ನು ಕಟ್ಟಿ ನಿಲ್ಲಿಸುತ್ತಾನಲ್ಲ.

ನಿಮ್ಮ 50 ಅಂಕವನ್ನು ನಾನಾದರೆ ಹೀಗೆ ಹಂಚುತ್ತೇನೆ: ಭಾಗಗಳ ಆಯ್ಕೆ, ಕತ್ತರಿ, ಎಳೆ ಇವಕ್ಕೆ 12, ವಾಚಿಕಕ್ಕೆ 14, ಮೈ, ಕಣ್ಣು, ರಂಗದ ಜಾಗದ ಬಳಕೆಗೆ 10, ಕೂಡುಗಳಿಗೆ 8, ಟಿಪ್ಪಣಿ ಮತ್ತು ಮೌಖಿಕಕ್ಕೆ 6. ‘ಒಟ್ಟು ಪರಿಣಾಮ’ ಎಂಬ ಕಾಲಂ ತೆಗೆದುಹಾಕಿ. ಬೇರೆ ಕಾಲಂಗಳಲ್ಲಿ ಕಾರಣ ಕೊಡಲಾಗದ ಮೆಚ್ಚುಗೆಯೂ ಸಿಟ್ಟೂ ಅಲ್ಲಿಗೆ ಬಂದು ಸೇರುತ್ತವೆ. ಸಾಲು ಮರೆತು ನಿಂತದ್ದಕ್ಕೆ ವಾಚಿಕದಲ್ಲಿ ಒಂದು ಅಂಕ ಹೋಗಲಿ. ಮರೆತ ಮೇಲೂ ಪಾತ್ರ ಬಿಡದೆ ದಾರಿ ಹಿಡಿದರೆ ಅದನ್ನೂ ಕಳೆಯಬೇಕಿಲ್ಲ. ಸಮಯ ಮೀರಿದರೆ ಎಷ್ಟು ಕಳೆಯುತ್ತೀರಿ ಎಂಬುದನ್ನು ಸೂಚನೆಯಲ್ಲೇ ಬರೆದುಬಿಡಿ.

ಪರೀಕ್ಷಕರು ಇಬ್ಬರೂ ಅಭಿನಯ ನಡೆಯುವಾಗ ಮಾತು ಬರೆಯಲಿ, ಅಂಕೆ ಬೇಡ. ‘ಮೂವರೆ ಎನ್ನುವಾಗ ಎಡ-ಬಲ ನೋಟ’, ‘ಬಳಿ ಎಂದಲ್ಲಿ ಉಸಿರು’ ಇಷ್ಟು ಸಾಕು. ಮುಗಿದ ಮೇಲೆ, ಒಬ್ಬರೊಡನೊಬ್ಬರು ಮಾತಾಡುವ ಮೊದಲು, ಆ ಮಾತುಗಳನ್ನು ನೋಡಿ ಅಂಕ ಹಾಕಲಿ. ವ್ಯತ್ಯಾಸ 5ಕ್ಕಿಂತ ಹೆಚ್ಚು ಬಂದರೆ ಎರಡು ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟು, ಜಗಳ ಇರುವ ಕಾಲಂ ಒಂದನ್ನೇ ಮಾತಾಡಿ. ದಿನದ ಮೊದಲ ಇಬ್ಬರು ವಿದ್ಯಾರ್ಥಿಗಳ ಅಂಕವನ್ನು ಎಲ್ಲರದೂ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ಏಕೆಂದರೆ ಅಳತೆಗೋಲು ಆಗಿನ್ನೂ ಕೈಗೆ ಕೂತಿರುವುದಿಲ್ಲ. ವಿಡಿಯೊ ಇರಲಿ, ತಕರಾರು ಬಂದಾಗ ಬೇಕು. ಆದರೆ ಬರೀ ವಿಡಿಯೊ ನೋಡಿ ಕೊನೆಯ ಅಂಕ ಹಾಕಬೇಡಿ. ಮೊಬೈಲಿನ ಕಣ್ಣಿಗೆ ಕೋಣೆಯ ಮೌನ ಸಿಗುವುದಿಲ್ಲ. ನನ್ನ ಅಂಕಗಳನ್ನೂ ಅದೇ ಮಿತಿಯಲ್ಲಿ ತೆಗೆದುಕೊಳ್ಳಿ.

ಆ ಅಂಕಗಳು ಇವು: ಆಯ್ಕೆಗೆ 12ರಲ್ಲಿ 11. ವಾಚಿಕಕ್ಕೆ 14ರಲ್ಲಿ 10. ಉಸಿರಿನ ಕಡಿತ, ಕೊನೆಯ ಕೂಗು, ಒಂದೇ ಮಟ್ಟದ ‘ಕಾಣಿರೆ’ ಇವು ತಿಂದದ್ದು 4. ಮೈ ಮತ್ತು ಜಾಗಕ್ಕೆ 10ರಲ್ಲಿ 6, ಹಕ್ಕಿಗಳಿಂದಾಗಿ ಮತ್ತು ನಾಯಿಯಿಂದಾಗಿ. ಕೂಡುಗಳಿಗೆ 8ರಲ್ಲಿ 7. ಅಲ್ಲಿಗೆ 44ಕ್ಕೆ 34. ಉಳಿದ 6 ಅಂಕ ಇನ್ನೂ ಖಾಲಿ ಇದೆ, ಏಕೆಂದರೆ ಅವಳನ್ನು ಯಾರೂ ಏನೂ ಕೇಳಿಲ್ಲ.

ಹಾಗಾಗಿ ಅಂಕಪಟ್ಟಿಗೆ ಸಹಿ ಬೀಳುವ ಮೊದಲು ಒಂದು ಮೌಖಿಕ ಇಡಿ, ತರಗತಿಯ ಎಲ್ಲರಿಗೂ, ಅವಳೊಬ್ಬಳಿಗೇ ಅಲ್ಲ. ತಲೆಗೆ ಐದು ನಿಮಿಷ ಸಾಕು. ಅವಳಿಗೆ ಮೂರು ಪ್ರಶ್ನೆ: ಕರ್ಣನ ಹುಟ್ಟಿನ ಗುಟ್ಟಿನ ಪದ್ಯವನ್ನು ಏಕೆ ಬಿಟ್ಟೆ? ಐದನೆಯ ‘ಕಾಣಿರೆ’ಯನ್ನು ಈಗ ಬೇರೆಯಾಗಿ ಆಡಿ ತೋರಿಸುತ್ತೀಯಾ? ಹುಲಿಯನನ್ನು ಕೊನೆಗೆ ಏಕೆ ಇಟ್ಟೆ, ಮೊದಲಿಗೆ ಇಟ್ಟಿದ್ದರೆ ಏನಾಗುತ್ತಿತ್ತು? ಎರಡನೆಯ ಪ್ರಶ್ನೆಗೆ ಅವಳು ಎದ್ದು ನಿಂತು ಆಡಲಿ, ಕೂತು ವಿವರಿಸುವುದು ಬೇಡ. ಆಗ ನಿಮ್ಮ ಇಬ್ಬರೂ ಪರೀಕ್ಷಕರು ಅಲ್ಲೇ ಇರಲಿ, ಇಬ್ಬರೂ ಮೊದಲು ಟಿಪ್ಪಣಿ ಓದಿಕೊಂಡು ಬಂದಿರಲಿ.